ಅಣಬೆ ಮಿಸೊ ಸೂಪ್‌ಗೆ ಬೆಂಗಳೂರಲ್ಲಿ ಯಾವ ಪ್ಯಾಕೆಟ್ ಕೊಳ್ಳಬೇಕು?

ಬೆಂಗಳೂರಲ್ಲಿ ಮಿಸೊಗಾಗಿ, ಅಂದರೆ ಜಪಾನಿನ ಹುದುಗಿಸಿದ ಸೋಯಾ ಪೇಸ್ಟ್‌ಗಾಗಿ, ಅಲೆಯುವ ಕಾಲ ಮುಗಿದಿದೆ. ಇಂದಿರಾನಗರ, ಕೋರಮಂಗಲದ ಕಡೆಯ ದೊಡ್ಡ ದಿನಸಿ ಅಂಗಡಿಗಳಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲಂತೂ ಹತ್ತಾರು ಬಗೆ. ಕಷ್ಟ ಇರುವುದು ಆರಿಸುವುದರಲ್ಲಿ. ನೋಡಲು ಒಂದೇ ಥರ ಇರುವ ಎರಡು ಪ್ಯಾಕೆಟ್ ತಂದು ಒಂದೇ ಅಳತೆಯಲ್ಲಿ ಸೂಪ್ ಮಾಡಿದರೆ ಒಂದು ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ, ಇನ್ನೊಂದು ಸಿಹಿಸಿಹಿಯಾಗಿ ಸಪ್ಪೆ ಹೊಡೆಯುತ್ತದೆ. ಅಂಗಡಿಯಲ್ಲಿ ಸಿಗುವುದು ಮೂರು ಜಾತಿ: ಬಿಸಿನೀರಿಗೆ ಸುರಿಯುವ ಸ್ಯಾಷೆ, ದಾಶಿ (ಸೂಪ್‌ಗೆ ಬುನಾದಿಯಾದ ಜಪಾನಿ ತಿಳಿರಸ) ಬೆರೆಸಿದ ಪೇಸ್ಟ್, ಏನೂ ಬೆರೆಸದ ಪೇಸ್ಟ್. ಅಣಬೆ ಸೂಪ್ ಮಾಡುವವರಿಗೆ ಮೂರನೆಯದೇ ಸರಿ. ಅದರಲ್ಲೂ ಶೇ. 12ರ ಆಸುಪಾಸು ಉಪ್ಪಿರುವ, ತಿಳಿ ಕಂದು ಬಣ್ಣದ ಸಾಮಾನ್ಯ ಮಿಸೊ ಸಾಕು. ಅದಕ್ಕಿಂತ ದುಬಾರಿಯದಕ್ಕೆ ಹಾಕುವ ದುಡ್ಡನ್ನು ಒಣ ಶಿಟಾಕೆ ಅಣಬೆಗೆ ಹಾಕಿದರೆ ಬಟ್ಟಲಲ್ಲಿ ಫಲ ಕಾಣುತ್ತದೆ.

ಮಿಸೊದಲ್ಲಿ ಇರುವುದು ಬೇಯಿಸಿ ಅರೆದ ಸೋಯಾ, ಉಪ್ಪು, ಕೋಜಿ. ಅಕ್ಕಿ, ಬಾರ್ಲಿ ಅಥವಾ ಸೋಯಾದ ಮೇಲೆ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟು ಬೆಳೆಸಿದ್ದೇ ಕೋಜಿ. ಕೋಜಿ ಜಾಸ್ತಿ ಹಾಕಿ, ಉಪ್ಪು ಕಡಿಮೆ ಮಾಡಿ, ಕೆಲವೇ ವಾರ ಹುದುಗಿಸಿದರೆ ಸಿಹಿ ಮಿಸೊ. ಕ್ಯೋಟೊದ ಸೈಕ್ಯೊ ಮಿಸೊ ಈ ಬಗೆಯದು. ಉಪ್ಪು ಹೆಚ್ಚಿಸಿ ತಿಂಗಳುಗಟ್ಟಲೆ ಬಿಟ್ಟರೆ ಬಣ್ಣ ಹಳದಿಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ. ನಾಗಾನೊ ಪ್ರಾಂತ್ಯದ ಶಿನ್ಶು ಮಿಸೊ ಇವೆರಡರ ನಡುವಿನದು. ಆನ್‌ಲೈನ್‌ನಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವ ಮಾರುಕೋಮೆ, ಹಿಕಾರಿ ಎರಡೂ ನಾಗಾನೊದ ಕಂಪನಿಗಳೇ. ಐಚಿ ಪ್ರಾಂತ್ಯದ ಹಾಚ್ಚೊ ಮಿಸೊದಲ್ಲಿ ಅಕ್ಕಿಯೇ ಇಲ್ಲ, ಬರೀ ಸೋಯಾ. ಒಳ್ಳೆಯ ಪದಾರ್ಥವೇ, ಆದರೆ ಅದರ ಒಗರು ಅಣಬೆಯ ವಾಸನೆಯನ್ನು ನುಂಗಿಹಾಕುತ್ತದೆ.

ತೊಡಕು ಏನೆಂದರೆ, ಇಲ್ಲಿ ಸೈಕ್ಯೊಗೂ ಶಿನ್ಶುಗೂ ಒಟ್ಟಿಗೆ ‘ವೈಟ್ ಮಿಸೊ’ ಎಂದೇ ಬರೆದು ಮಾರುತ್ತಾರೆ. ಹಾಗಾಗಿ ಹೆಸರು ನೋಡಬೇಡಿ, ಹಿಂಬದಿಗೆ ತಿರುಗಿಸಿ ಸೋಡಿಯಂ ನೋಡಿ. ನೂರು ಗ್ರಾಂಗೆ ಎಷ್ಟು ಮಿಲಿಗ್ರಾಂ ಎಂದು ಕೊಟ್ಟಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 4,700 ಇದ್ದರೆ ಸುಮಾರು 12 ಗ್ರಾಂ ಉಪ್ಪು, ಅದು ಶಿನ್ಶು ಥರದ್ದು. 2,200 ಇದ್ದರೆ ಐದೂವರೆ ಗ್ರಾಂ, ಅದು ಸಿಹಿ ಮಿಸೊ. ಕುಡಿಯಲು ಹಿತವಾಗಿರಬೇಕಾದರೆ ಸೂಪ್‌ನಲ್ಲಿ ಉಪ್ಪು ಶೇ. 0.8ರಿಂದ 0.9 ಇರಬೇಕು. ಎರಡು ಬಟ್ಟಲಿಗೆ, ಅಂದರೆ 420 ಮಿ.ಲೀ. ದಾಶಿಗೆ, ಮೊದಲನೆಯದು 30 ಗ್ರಾಂ ಸಾಕು. ಟೇಬಲ್ ಚಮಚದಲ್ಲಿ ಹೇಳುವುದಾದರೆ ಮಟ್ಟಸವಾಗಿ ಎರಡಕ್ಕೆ ತುಸು ಕಮ್ಮಿ. ಎರಡನೆಯದು ಅಷ್ಟೇ ಉಪ್ಪು ಕೊಡಬೇಕಾದರೆ 60 ಗ್ರಾಂ ದಾಟಬೇಕು. ಆಗ ಸೂಪ್ ಗಟ್ಟಿಯಾಗಿ, ಸಿಹಿಯಾಗಿ, ಅಣಬೆ ಎಲ್ಲಿದೆ ಎಂದು ಹುಡುಕುವ ಹಾಗಾಗುತ್ತದೆ.

ಅದೇ ಬದಿಯಲ್ಲಿ ಆಮದುದಾರರು ಅಂಟಿಸಿದ ಚೀಟಿಯೂ ಇರುತ್ತದೆ. ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡದೆ ಬುಟ್ಟಿಗೆ ಹಾಕಬಾರದು. ದಾಶಿ ಬೆರೆಸಿದ ಪೇಸ್ಟ್‌ಗಳಲ್ಲಿ ಬಹುಪಾಲಿಗೆ ಕತ್ಸುವೊ ಮೀನಿನ ಸಾರ ಇರುತ್ತದೆ, ಅಂಥವಕ್ಕೆ ಕಂದು ತ್ರಿಕೋನ ಇರಬೇಕು. ಪದಾರ್ಥಗಳ ಸಾಲಿನಲ್ಲಿ ಆಲ್ಕೋಹಾಲ್ ಎಂದಿದ್ದರೆ, ಅದು ಹುದುಗು ಮುಂದುವರಿದು ಪ್ಯಾಕೆಟ್ ಉಬ್ಬದಿರಲಿ ಎಂದು ಸ್ವಲ್ಪವೇ ಸೇರಿಸಿದ್ದು. ರುಚಿಗೆ ತೊಂದರೆಯಿಲ್ಲ, ಆದರೆ ಅದು ಬೇಡ ಎನ್ನುವವರು ಬೇಕಾದಷ್ಟು ಮನೆಗಳಲ್ಲಿ ಇದ್ದಾರೆ, ಗೊತ್ತಿರಲಿ. ಗ್ಲುಟೆನ್ ಆಗದವರು ಬಾರ್ಲಿ ಮಿಸೊ ಮುಟ್ಟಬಾರದು.

ಸ್ಯಾಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಫೀಸಿನ ಮೇಜಿಗೆ ಪರವಾಗಿಲ್ಲ. ಅದಕ್ಕೆ ತಾಜಾ ಅಣಬೆ ಹಾಕಿ ಕುದಿಸಿದರೆ ಅಣಬೆ ಬೇಯುವಷ್ಟರಲ್ಲಿ ಮಿಸೊ ಸತ್ತಿರುತ್ತದೆ.

ಪೇಸ್ಟ್ ತೆರೆದಾಗ ಮೇಲೆ ಒಂದು ತೆಳು ಹಾಳೆ, ಕೆಲವದರಲ್ಲಿ ಆಮ್ಲಜನಕ ಹೀರುವ ಸಣ್ಣ ಪೊಟ್ಟಣ ಇರುತ್ತದೆ. ಪೊಟ್ಟಣ ಬಿಸಾಡಿ, ಹಾಳೆ ಉಳಿಸಿಕೊಳ್ಳಿ. ಚಮಚದಲ್ಲಿ ಒಂದಿಷ್ಟು ಕೆರೆದು ಬೆಳಕಿಗೆ ಹಿಡಿದರೆ ಅಕ್ಕಿಯ ಮುರುಕು ಕಾಣಬಹುದು, ಮೂಗಿಗೆ ಹುದುಗಿದ ಹಿಟ್ಟಿನ ಹುಳಿಸಿಹಿ ವಾಸನೆ ಬರಬೇಕು. ಅಲ್ಲಲ್ಲಿ ಮರಳಿನಂಥ ಬಿಳಿ ಕಾಳುಗಳಿದ್ದರೆ ಗಾಬರಿ ಬೇಡ, ಅದು ಬೂಷ್ಟಲ್ಲ, ಟೈರೊಸಿನ್ ಎಂಬ ಅಮೈನೊ ಆಮ್ಲ ಹರಳುಗಟ್ಟಿದ್ದು. ಬೆರಳಲ್ಲಿ ತಿಕ್ಕಿದರೆ ಗರಗರ ಅನ್ನುತ್ತದೆ. ಹಸಿರೋ ಕಪ್ಪೋ ತುಪ್ಪುಳು ಬಂದಿದ್ದರೆ ಮಾತ್ರ ಎಸೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ತರಿಸಿದ ಮಿಸೊ ಚಿತ್ರದಲ್ಲಿದ್ದದ್ದಕ್ಕಿಂತ ಕಪ್ಪಾಗಿ ಬಂದರೆ ಗೋದಾಮಿನ ಸೆಖೆ ಅದರ ಮೇಲೆ ಕೆಲಸ ಮಾಡಿದೆ ಎಂದರ್ಥ. ಸಕ್ಕರೆ ಮತ್ತು ಅಮೈನೊ ಆಮ್ಲ ಬಿಸಿಗೆ ಕೂಡಿಕೊಂಡು ಬಣ್ಣ ಏರಿರುತ್ತದೆ. ಕೆಟ್ಟಿಲ್ಲ, ಆದರೆ ಕಂಪು ಮೊಂಡಾಗಿರುತ್ತದೆ. ಬೇಸಿಗೆಯಲ್ಲಿ ಫ್ರಿಜ್‌ನಲ್ಲಿಟ್ಟು ಮಾರುವ ಅಂಗಡಿಯಿಂದಲೇ ತರುವುದು ಲೇಸು.

ಇನ್ನು ದಾಶಿ. ಸೂಪ್‌ನ ಮುಕ್ಕಾಲು ರುಚಿ ಇಲ್ಲಿದೆ, ಇಲ್ಲಿನ ಅಡುಗೆಮನೆಗಳಲ್ಲಿ ಎಲ್ಲರೂ ಹಾರಿಸುವುದೂ ಇದನ್ನೇ. ಬರೀ ನೀರಿಗೆ ಮಿಸೊ ಕಲಸಿ, ರುಚಿ ಸಾಲದೆ ಇನ್ನೊಂದು ಚಮಚ ಹಾಕಿ, ಕೊನೆಗೆ ಉಪ್ಪು ಕುಡಿದು ಎದ್ದು, ‘ಮಿಸೊ ನಮಗಲ್ಲ’ ಎನ್ನುತ್ತಾರೆ. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನೇ ಇಕೆಡಾ ಕೊಂಬು ಎಂಬ ಸಮುದ್ರಪಾಚಿಯಿಂದ ಗ್ಲುಟಮೇಟ್ ಎಂಬ ರುಚಿಯ ವಸ್ತುವನ್ನು ಬೇರ್ಪಡಿಸಿದರು. 1957ರಲ್ಲಿ ಅಕಿರಾ ಕುನಿನಾಕಾ ಗ್ವಾನಿಲೇಟ್ ಎಂಬ ಇನ್ನೊಂದು ವಸ್ತುವಿನ ರುಚಿಯನ್ನು ಗುರುತಿಸಿದರು, ಅದು ಒಣ ಶಿಟಾಕೆಯಲ್ಲಿ ಧಾರಾಳ. ಗ್ವಾನಿಲೇಟ್ ಗ್ಲುಟಮೇಟ್ ಜೊತೆ ಸೇರಿದರೆ ರುಚಿ ಒಂದಕ್ಕೊಂದು ಕೂಡುವುದಲ್ಲ, ಹಲವು ಪಟ್ಟು ಏರುತ್ತದೆ. ಮೀನಿಲ್ಲದೆ ಗಟ್ಟಿ ದಾಶಿ ಬರುವುದು ಈ ಜೋಡಿಯಿಂದ. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲೂ ಇದೇ.

ಎರಡು ಬಟ್ಟಲಿಗೆ ಅರ್ಧ ಲೀಟರ್ ನೀರು, 5 ಗ್ರಾಂ ಕೊಂಬು (ಸುಮಾರು ಅಂಗೈಯಗಲದ ತುಂಡು), ಮೂರು ಒಣ ಶಿಟಾಕೆ. ಕೊಂಬಿನ ಮೇಲಿನ ಬಿಳಿ ಪುಡಿ ಕೊಳೆಯಲ್ಲ, ತೊಳೆಯಬೇಡಿ, ಒಣಬಟ್ಟೆಯಲ್ಲಿ ಸವರಿದರೆ ಸಾಕು. ಎಲ್ಲವನ್ನೂ ತಣ್ಣೀರಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸುವ ಅಡ್ಡದಾರಿಯಲ್ಲಿ ಶಿಟಾಕೆ ಮೆತ್ತಗಾಗುತ್ತದೆ, ಆದರೆ ರಸ ತೆಳುವಾಗಿ ತುಸು ಕಹಿಯಾಗುತ್ತದೆ.

ನೀರಿನ ಮಾತು ಬೆಂಗಳೂರಿಗರಿಗೆ ಬೇರೆಯೇ ಹೇಳಬೇಕು. ಕಾವೇರಿ ನೀರಾದರೆ ನೇರವಾಗಿ ಬಳಸಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಆರ್‌ಒ ನೀರೇ ಬೇಕು. ಗಡಸು ನೀರಿನ ಕ್ಯಾಲ್ಸಿಯಂ ಕೊಂಬಿನ ಲೋಳೆಯನ್ನು ಹಿಡಿದು ಗಟ್ಟಿ ಮಾಡುತ್ತದೆ, ರಸ ಸರಿಯಾಗಿ ಇಳಿಯುವುದಿಲ್ಲ, ಮೇಲೆ ಬೂದು ನೊರೆ ಕಟ್ಟುತ್ತದೆ. ದುಬಾರಿ ಕೊಂಬು ತಂದೂ ದಾಶಿ ಸಪ್ಪೆಯಾದರೆ ಮೊದಲು ನೀರನ್ನೇ ಅನುಮಾನಿಸಿ.

ಬೆಳಿಗ್ಗೆ ಶಿಟಾಕೆ ಹಿಂಡಿ ತೆಗೆದು, ತೊಟ್ಟು ಕತ್ತರಿಸಿ ಬದಿಗಿಡಿ. ಅದು ಎಷ್ಟು ಬೇಯಿಸಿದರೂ ನಾರು ನಾರೇ. ಟೋಪಿಯನ್ನು ತೆಳ್ಳಗೆ ಹೆಚ್ಚಿ. ನೆನೆಸಿದ ನೀರನ್ನು ಬಗ್ಗಿಸುವಾಗ ತಳದ ಒಂದೆರಡು ಚಮಚ ಬಿಟ್ಟುಬಿಡಿ, ಮಣ್ಣು ಅಲ್ಲಿರುತ್ತದೆ. ಕೊಂಬು, ಹೆಚ್ಚಿದ ಶಿಟಾಕೆ, ಆ ನೀರು ಎಲ್ಲ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ನಿಧಾನಕ್ಕೆ ಬಿಸಿ ಮಾಡಿ. ಅವಸರ ಬೇಡ ಎನ್ನಲು ಕಾರಣವಿದೆ: ಅಣಬೆಯೊಳಗಿನ ಕಿಣ್ವ ಗ್ವಾನಿಲೇಟ್ ಹೆಚ್ಚಾಗಿ ಹುಟ್ಟಿಸುವುದು 60ರಿಂದ 70 ಡಿಗ್ರಿಯ ನಡುವೆ. ಜೋರು ಉರಿಯಲ್ಲಿ ಆ ಹಂತ ಒಂದೇ ನಿಮಿಷದಲ್ಲಿ ದಾಟಿಹೋಗುತ್ತದೆ. ಪಾತ್ರೆಯ ಅಂಚಲ್ಲಿ ಸಣ್ಣ ಗುಳ್ಳೆ ಕಂಡ ತಕ್ಷಣ ಕೊಂಬು ತೆಗೆಯಿರಿ. ಕುದಿಯಲು ಬಿಟ್ಟರೆ ಲೋಳೆ ಬಿಡುತ್ತದೆ, ಸಮುದ್ರದ ನಾತ ಮುಂದಾಗುತ್ತದೆ.

ತಾಜಾ ಅಣಬೆಗಳಲ್ಲಿ ನಮ್ಮ ಮೊದಲ ಮತ ಚಿಪ್ಪಣಬೆಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೇ ಅಣಬೆ ಬೀಜ ಕೊಡುತ್ತದೆ, ಸಣ್ಣ ಬೆಳೆಗಾರರು ಸುತ್ತಮುತ್ತ ಇದ್ದಾರೆ, ಹಾಗಾಗಿ ಹೊಸದು ಸಿಗುವ ಸಾಧ್ಯತೆ ಹೆಚ್ಚು. 80 ಗ್ರಾಂ ತೆಗೆದುಕೊಂಡು ಕೈಯಲ್ಲೇ ಸೀಳಿ, ಚಾಕು ಬೇಡ. ಅಂಚು ಹಳದಿಯಾಗಿ ಜಾರುತ್ತಿದ್ದರೆ, ಹುಳಿ ವಾಸನೆ ಬಂದರೆ ತಗೋಬೇಡಿ. ಬಟನ್ ಅಣಬೆ ಎಲ್ಲ ಕಡೆ ಸಿಗುತ್ತದೆ, ಆದರೆ ಕೆಳಗಿನ ಕಪ್ಪು ಪದರ ಬಿಚ್ಚಿಕೊಂಡದ್ದನ್ನು ಹಾಕಿದರೆ ಸೂಪ್ ಬೂದು ಬಣ್ಣಕ್ಕೆ ತಿರುಗುತ್ತದೆ. ಮುಚ್ಚಿದ ಮೊಗ್ಗನ್ನೇ ಆರಿಸಿ, ಮೂರು ಮಿಲಿಮೀಟರ್ ದಪ್ಪ ಹೆಚ್ಚಿ, ಎಣ್ಣೆ ಹಾಕದ ಕಾವಲಿಯಲ್ಲಿ ನಾಲ್ಕೈದು ನಿಮಿಷ ಹುರಿದು ಅದರ ನೀರನ್ನು ಹಾರಿಸಿ. ಇಲ್ಲದಿದ್ದರೆ ಅಷ್ಟೂ ನೀರು ಸೂಪ್‌ಗೆ ಸೇರಿ ಮಿಸೊದ ಲೆಕ್ಕ ತಪ್ಪುತ್ತದೆ. ಬೇರು ಬಿಟ್ಟ ಹಾಗಿರುವ ಎನೊಕಿ ಚೆಂದ ಕಾಣುತ್ತದೆ, ಆದರೆ ಹಸಿಯಾಗಿ ಮೇಲೆ ಉದುರಿಸುವ ಶೋಕಿ ಬೇಡ. ಅಮೆರಿಕದಲ್ಲಿ ಆಮದಾದ ಎನೊಕಿಯಿಂದ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಹರಡಿ ಸಾವುಗಳಾದದ್ದು 2020ರಲ್ಲಿ ಬೆಳಕಿಗೆ ಬಂತು. ಶಿಟಾಕೆಯೂ ಅಷ್ಟೆ, ಅರೆಬೆಂದದ್ದು ಕೆಲವರಿಗೆ ಮೈತುಂಬ ಬರೆಯಂಥ ಗಂದೆ ಏಳಿಸುತ್ತದೆ. ಕೊಂಬು ತೆಗೆದ ಮೇಲೆ ಅಣಬೆಗಳನ್ನು ಹಾಕಿ ಐದು ನಿಮಿಷ ಹದವಾಗಿ ಕುದಿಸಿ. ಒಂದೂವರೆ ಸೆಂಟಿಮೀಟರ್ ಘನಗಳಾಗಿ ಹೆಚ್ಚಿದ ತೋಫು 80 ಗ್ರಾಂ, ಕೊನೆಯ ಒಂದು ನಿಮಿಷಕ್ಕೆ. ಒಣ ವಾಕಮೆ (ಇನ್ನೊಂದು ಸಮುದ್ರಪಾಚಿ) ಹಾಕುವುದಾದರೆ ಒಂದು ಸಣ್ಣ ಚಿಟಿಕೆ, ಅದು ಹತ್ತು ಪಟ್ಟು ಹಿಗ್ಗುತ್ತದೆ.

ಈಗ ಉರಿ ಆರಿಸಿ, ಒಂದು ನಿಮಿಷ ಬಿಡಿ. ತಿಳಿಸಾರು ನೊರೆ ಕಟ್ಟಿದೊಡನೆ ಇಳಿಸುವ ಕೈಗೆ ಈ ಹದ ಕಲಿಸಬೇಕಿಲ್ಲ. ಟೀ ಸೋಸುವ ಜರಡಿಯನ್ನು ಸೂಪ್‌ನಲ್ಲಿ ಅರ್ಧ ಮುಳುಗಿಸಿ, ಅದರೊಳಗೆ ಮಿಸೊ ಹಾಕಿ ಚಮಚದ ಬೆನ್ನಿಂದ ತಿಕ್ಕಿ. ನೇರ ಪಾತ್ರೆಗೆ ಹಾಕಿದರೆ ಗಂಟು ತಳಕ್ಕೆ ಕೂತು, ಮೇಲೆ ಸಪ್ಪೆ, ಕೊನೆಯ ಗುಟುಕು ಉಪ್ಪು. ಜರಡಿಯಲ್ಲಿ ಉಳಿದ ಅಕ್ಕಿಕಾಳನ್ನು ಒತ್ತಿ ಸೇರಿಸಿದರೂ ಸೈ, ಬಿಟ್ಟರೂ ಸೈ. ಮಿಸೊ ಹಾಕಿದ ಮೇಲೆ ಕುದಿಸಿದರೆ ಕಂಪು ಹಾರಿಹೋಗುತ್ತದೆ, ಪ್ರೋಟೀನ್ ಕೂಡಿಕೊಂಡು ಸೂಪ್ ಒಡೆದ ಹಾಗೆ ಕಾಣುತ್ತದೆ. ಬಟ್ಟಲಲ್ಲಿ ಸುಮ್ಮನೆ ಇಟ್ಟಾಗ ಮೋಡ ಮೋಡವಾಗಿ ಕೆಳಗಿಳಿಯುವುದು ಮಾತ್ರ ದೋಷವಲ್ಲ, ಕಲಕಿ ಕುಡಿಯಿರಿ. ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು ಸಾಕು. ಕೊತ್ತಂಬರಿ, ನಿಂಬೆಹಣ್ಣು, ಇಂಗಿನ ಒಗ್ಗರಣೆ ಯಾವುದನ್ನು ಸೇರಿಸಿದರೂ ಶಿಟಾಕೆಗೆ ಮಾಡಿದ ಖರ್ಚು ದಂಡ.

ಜೀವಂತ ಬ್ಯಾಕ್ಟೀರಿಯಾ, ಹೊಟ್ಟೆಗೆ ಒಳ್ಳೆಯದು ಎಂಬ ಜಾಹೀರಾತಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಎಷ್ಟೋ ಪ್ಯಾಕೆಟ್‌ಗಳು ಪಾಶ್ಚರೀಕರಿಸಿದವು, ಉಳಿದದ್ದು ಬಿಸಿ ಸೂಪ್‌ನಲ್ಲಿ ಬದುಕುವುದು ಕಷ್ಟ. ಬಿ.ಪಿ. ಇರುವವರು ಒಂದು ಬಟ್ಟಲಲ್ಲಿ ಸುಮಾರು 1.8 ಗ್ರಾಂ ಉಪ್ಪು ಎಂದು ಲೆಕ್ಕ ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿಯೇ 5 ಗ್ರಾಂಗಿಂತ ಕಡಿಮೆ. ಥೈರಾಯ್ಡ್ ಮಾತ್ರೆ ನುಂಗುವವರು ಕೊಂಬು ಬಿಟ್ಟು ಶಿಟಾಕೆ ಒಂದರಲ್ಲೇ ಮಾಡಿ, ಕೊಂಬಿನಲ್ಲಿ ಅಯೋಡಿನ್ ವಿಪರೀತ. ಆಗ ಶಿಟಾಕೆ ಐದು ಹಾಕಿ.

ತೆರೆದ ಪ್ಯಾಕೆಟ್‌ನ ಮೇಲೆ ಉಳಿಸಿಕೊಂಡ ಹಾಳೆಯನ್ನು ಗಾಳಿ ಆಡದ ಹಾಗೆ ಒತ್ತಿ, ಫ್ರೀಜರ್‌ನಲ್ಲಿಡಿ. ಉಪ್ಪಿನಿಂದಾಗಿ ಅದು ಕಲ್ಲಾಗುವುದಿಲ್ಲ, ನೇರ ಚಮಚ ಹಾಕಿ ತೆಗೆಯಬಹುದು. ಒದ್ದೆ ಚಮಚ ಮಾತ್ರ ಬೇಡ. ಮಿಸೊ ಕರಗಿಸುವ ಮುಂಚೆ ಅರ್ಧ ಲೋಟ ದಾಶಿ ಎತ್ತಿಟ್ಟುಕೊಳ್ಳುವ ರೂಢಿ ಒಳ್ಳೆಯದು. ಉಪ್ಪು ಜಾಸ್ತಿಯಾದರೆ ಅದನ್ನೇ ಬೆರೆಸಿ, ನೀರು ಹಾಕಬೇಡಿ.