ಹಾರರ್ ಸಿನಿಮಾದ ಮೊದಲ ಹತ್ತು ನಿಮಿಷ: ನಾಲ್ಕು ಓಪನಿಂಗ್, ಸೌಂಡ್ ಇಟ್ಟು, ಸೌಂಡ್ ತೆಗೆದು

ಮಳೆ ಬಿಡದೆ ಸುರೀತಿದ್ದ ಆ ಎರಡು ವಾರ ನಾನೂ ನನ್ ತಂಗೀನೂ ಸೇರ್ಕೊಂಡು ಒಂದು ಕೆಲಸ ಮಾಡಿದ್ವಿ. ರಾತ್ರಿ ಹತ್ತೂವರೆ ಆದ್ಮೇಲೆ ಹಾಲ್ ಲೈಟ್ ಆರ್ಸೋದು, ಒಂದು ಹಾರರ್ ಸಿನಿಮಾದ ಮೊದಲ ಹತ್ತು ಹನ್ನೆರಡು ನಿಮಿಷ ಮಾತ್ರ ನೋಡೋದು, ನಿಲ್ಸೋದು, ಲೈಟ್ ಹಾಕಿ ಮಾತಾಡೋದು. ಮಾರನೇ ರಾತ್ರಿ ಅದೇ ಓಪನಿಂಗನ್ನ ಮ್ಯೂಟ್ ಮಾಡಿ ಇನ್ನೊಂದ್ ಸಲ. ಆಫೀಸಲ್ಲಿ ಒಬ್ರು ಹಾರರ್ ಅಂದ್ರೆ ಮೊದಲ ಐದು ನಿಮಿಷದಲ್ಲೇ ಒಂದು ಸಲ ಬೆಚ್ಚಿ ಬೀಳಿಸ್ಬೇಕು ಅಂತ ಹಟ ಹಿಡಿದಿದ್ರು, ನಂಗೆ ಅದು ಒಪ್ಪಿಗೆ ಆಗ್ಲಿಲ್ಲ, ಅದಕ್ಕೇ ಇಷ್ಟೆಲ್ಲ.

ನಾಲ್ಕು ಸಿನಿಮಾ ಆರಿಸ್ಕೊಂಡ್ವಿ: ಜಾಸ್ (1975), ಹ್ಯಾಲೋವೀನ್ (1978), ದಿ ಶೈನಿಂಗ್ (1980), ಸ್ಕ್ರೀಮ್ (1996). ಇನ್ನೂ ನೋಡಿಲ್ಲ ಅನ್ನೋರು ಮೊದಲು ನೋಡ್ಕೊಂಡು ಬನ್ನಿ, ಇಲ್ಲಿ ಎಲ್ಲಾ ಬಿಚ್ಚಿ ಹೇಳ್ತೀನಿ.

ಸ್ಕ್ರೀಮ್‌ದು ತುಂಬಾ ಸಿಂಪಲ್. ಒಂಟಿ ಮನೆ, ಒಬ್ಬಳೇ ಹುಡುಗಿ, ಫೋನ್ ಬರತ್ತೆ, ರಾಂಗ್ ನಂಬರ್ ಅನ್ಸತ್ತೆ, ಇಡ್ತಾಳೆ, ಮತ್ತೆ ಬರತ್ತೆ. ಸ್ಟವ್ ಮೇಲೆ ಪಾಪ್‌ಕಾರ್ನ್ ಇಟ್ಟಿರ್ತಾಳೆ ನೋಡಿ, ಅದನ್ನ ನಾನು ಮೊದಲ ಸಲ ಗಮನಿಸೇ ಇರ್ಲಿಲ್ಲ, ಎರಡನೇ ರಾತ್ರಿ ಮ್ಯೂಟಲ್ಲಿ ನೋಡೋವಾಗ ಗೊತ್ತಾಯ್ತು, ಮಾತು ಬೆಳೀತಾ ಬೆಳೀತಾ ಆ ಪೊಟ್ಟಣ ಉಬ್ಬುತ್ತಾ ಹೋಗತ್ತೆ, ಆಮೇಲಾಮೇಲೆ ಆಕೆ ಅದರ ಕಡೆ ತಿರುಗೋದೇ ಇಲ್ಲ. ಮನೇಲಿ ಹಾಲು ಒಲೆ ಮೇಲಿಟ್ಟು ಫೋನಲ್ಲಿ ಮಾತಾಡ್ತಾ ನಿಂತೋರನ್ನ ನೋಡಿದ್ರೆ ನಮಗೆ ಆಗೋ ಕಸಿವಿಸಿ ಇದ್ಯಲ್ಲ, ಅದೇ. ಆ ಕಡೆಯಿಂದ ಬರೋ ದನಿ ರೋಜರ್ ಎಲ್. ಜಾಕ್ಸನ್ ಅವರದ್ದು, ಶೂಟಿಂಗ್ ಟೈಮಲ್ಲಿ ಅವರು ನಿಜವಾಗ್ಲೂ ಫೋನಲ್ಲೇ ಆ ಹುಡುಗಿ ಪಾತ್ರ ಮಾಡಿದ ಡ್ರೂ ಬ್ಯಾರಿಮೋರ್ ಜೊತೆ ಮಾತಾಡ್ತಿದ್ರಂತೆ, ಸೆಟ್ಟಲ್ಲಿ ಮುಖ ತೋರಿಸ್ದೆ. ಆಕೆ ಉತ್ತರ ಕೊಡೋ ಮುಂಚೆ ಒಂದ್ ಕ್ಷಣ ತಡೆಯೋದು, ನಗು ಮಧ್ಯದಲ್ಲೇ ಕಟ್ಟಾಗೋದು, ಅದು ಬರೀ ಆಕ್ಟಿಂಗ್ ಅಂತ ನಂಗನಿಸಲ್ಲ. ಪೋಸ್ಟರಲ್ಲಿ ದೊಡ್ಡದಾಗಿ ಇದ್ದ ಸ್ಟಾರೇ ಮೊದಲ ಸೀನಲ್ಲೇ ಸತ್ರೆ ಇನ್ನು ಯಾರು ಉಳೀತಾರೆ ಅನ್ನೋ ಅನುಮಾನ ಕೊನೇವರೆಗೂ ಹೋಗಲ್ಲ.

ಬೆಂಗಳೂರಲ್ಲಿ ಬೆಳೆದೋರಿಗೆ ಇದು ಇನ್ನೂ ಹತ್ರ ಅಂತೀನಿ. ತೊಂಬತ್ತರ ದಶಕದಲ್ಲಿ ಎಷ್ಟೊಂದು ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿರ್ತಿತ್ತಲ್ಲ, ರಾತ್ರಿ ದೆವ್ವ ಬಂದು ಮನೆಯೋರ ದನೀಲೇ ಕರಿಯತ್ತೆ, ಓ ಅಂದ್ರೆ ಮುಗೀತು ಅಂತ. ನಮ್ಮಮ್ಮ ಇವತ್ತಿಗೂ ಕತ್ತಲಾದ್ಮೇಲೆ ಹೊರಗಿಂದ ಒಂದೇ ಸಲ ಕರೆದ್ರೆ ಬಾಗಿಲು ತೆಗೆಯಲ್ಲ, ಎರಡನೇ ಸಲ ಕರೀಲಿ ಅಂತ ಕಾಯ್ತಾರೆ. ಸ್ಕ್ರೀಮ್ ಓಪನಿಂಗ್ ಮುಟ್ಟೋದು ಅದೇ ಜಾಗನ. ಕಾಣಿಸ್ದೆ ಇರೋ ದನಿಗೆ ನೀವು ಉತ್ತರ ಕೊಟ್ಟಾಗಿದೆ, ಇನ್ನು ವಾಪಸ್ ತಗೊಳ್ಳೋಕಾಗಲ್ಲ.

ಹ್ಯಾಲೋವೀನ್ ವಿಷ್ಯದಲ್ಲಿ ನಮ್ಮಿಬ್ಬರಿಗೂ ಜಗಳಾನೇ ಆಯ್ತು. 1963ರ ಒಂದು ರಾತ್ರಿ, ಕ್ಯಾಮೆರಾನೇ ಕೊಲೆಗಾರನ ಕಣ್ಣು, ಕಿಟಕಿಯಿಂದ ಇಣುಕಿ, ಹಿಂಬಾಗಿಲಿಂದ ಒಳಗೆ ಬಂದು, ಡ್ರಾಯರಿಂದ ಚಾಕು ತಗೊಂಡು, ಮೆಟ್ಟಿಲು ಹತ್ತಿ, ಮುಖವಾಡ ಹಾಕ್ಕೊಂಡು, ಎಲ್ಲಾ ಒಂದೇ ಉಸಿರಲ್ಲಿ ಹೋಗತ್ತೆ (ಕಟ್ ಇದೆ, ಮುಚ್ಚಿಟ್ಟಿದಾರೆ), ಕೊನೇಗೆ ಮುಖವಾಡ ಕಿತ್ತಾಗ ಆರು ವರ್ಷದ ಹುಡುಗ. ಮೊದಲ ರಾತ್ರಿ ನಾನು ನಿಜವಾಗ್ಲೂ ಕೈ ಬಿಗಿ ಹಿಡ್ಕೊಂಡಿದ್ದೆ. ಎರಡನೇ ರಾತ್ರಿ ಅರ್ಧ ಜೋರೂ ಇರ್ಲಿಲ್ಲ, ಗುಟ್ಟು ಗೊತ್ತಾಗಿಬಿಟ್ಟಿದೆಯಲ್ಲ. ತಂಗಿ ಒಪ್ಲಿಲ್ಲ. ಎರಡನೇ ಸಲಾನೇ ನಂಗೆ ಜಾಸ್ತಿ ಹೊಟ್ಟೆ ತೊಳಸ್ತು ಕಣೋ, ಆ ಅಪ್ಪ ಅಮ್ಮ ಕೊನೇಲಿ ಸುಮ್ನೆ ನಿಂತಿರ್ತಾರೆ ನೋಡು, ಮಗೂನ ಹತ್ರಾನೂ ಹೋಗಲ್ಲ, ಅಂದ್ಲು. ಹೋಗಿ ಮತ್ತೆ ನೋಡ್ದೆ. ಹೌದು, ಕ್ಯಾಮೆರಾ ಹಿಂದೆ ಹಿಂದೆ ಸರ್ಕೊಂಡು ಮೇಲೆ ಹೋಗತ್ತೆ, ಮೂರೂ ಜನ ಬೊಂಬೆ ಥರ ನಿಂತಿರ್ತಾರೆ. ಆ ಒಂದು ಶಾಟ್ ವಿಷ್ಯದಲ್ಲಿ ಅವಳು ಹೇಳಿದ್ದು ಸರಿ, ಆದ್ರೂ ಪೂರ್ತಿ ಸೀನ್ ಮೊದಲ ಸಲಕ್ಕೇ ಜೋರು ಅನ್ನೋದು ನನ್ ಮಾತು. ಅಂದಹಾಗೆ ಚಾಕು ಹಿಡಿದ ಆ ಕೈ ಹುಡುಗಂದಲ್ಲ, ಸಿನಿಮಾ ಪ್ರೊಡ್ಯೂಸರ್ ಡೆಬ್ರಾ ಹಿಲ್ ಅವರದ್ದು.

ಜಾಸ್‌ಗೆ ನಾನು ಕಡಿಮೆ ನಿರೀಕ್ಷೆ ಇಟ್ಕೊಂಡಿದ್ದೆ, ನಮ್ಮೂರಲ್ಲಿ ಸಮುದ್ರಾನೇ ಇಲ್ಲ, ನಮಗೆಲ್ಲಿಂದ ಆ ಭಯ ಅಂತ. ಆದ್ರೆ ಅಲ್ಲಿ ಹೆದರಿಸೋದು ಶಾರ್ಕ್ ಅಲ್ವೇ ಅಲ್ಲ, ಓಪನಿಂಗಲ್ಲಿ ಅದನ್ನ ತೋರ್ಸೋದೇ ಇಲ್ಲ. ಹುಡುಗೀನ ನೀರಲ್ಲಿ ಏನೋ ಆ ಕಡೆ ಈ ಕಡೆ ಎಳೆದಾಡತ್ತೆ, ಅವಳು ಕೂಗ್ತಾಳೆ, ಜೊತೇಲಿ ಬಂದ ಹುಡುಗ ಕುಡಿದು ದಡದ ಮರಳ ಮೇಲೆ ಬಿದ್ದಿರ್ತಾನೆ, ಅಷ್ಟೇ ದೂರ. ಸಹಾಯ ಕಣ್ಣೆದುರಿಗಿದೆ, ಎಚ್ಚರ ಇಲ್ಲ. ಆಮೇಲೆ ಒಂದೇ ಏಟಿಗೆ ಎಲ್ಲಾ ನಿಂತುಹೋಗಿ ನೀರು ಮೊದಲಿನ ಥರಾನೇ ಆಗತ್ತೆ, ಆ ಶಾಂತಿ ತಡೆಯೋಕಾಗಲ್ಲ. ನಟಿಗೆ ಹಗ್ಗ ಕಟ್ಟಿ ಎರಡೂ ಕಡೆಯಿಂದ ಜನ ಎಳೀತಿದ್ರು, ಅದಕ್ಕೇ ಆ ಜಗ್ಗಾಟ ಅಷ್ಟು ನಿಜ ಅನ್ಸೋದು. ಮ್ಯೂಟ್ ಪರೀಕ್ಷೇಲಿ ಗೆದ್ದಿದ್ದೂ ಇದೇ, ಜಾನ್ ವಿಲಿಯಮ್ಸ್ ಅವರ ಮ್ಯೂಸಿಕ್ ಇಲ್ದೇನೂ ನಿಂತ್ಕೊಳ್ತು.

ಮ್ಯೂಟಲ್ಲಿ ಪೂರ್ತಿ ಬಿದ್ದುಹೋಗಿದ್ದು ಶೈನಿಂಗ್. ಸೌಂಡ್ ತೆಗೆದ್ರೆ ಅದರ ಟೈಟಲ್ ಭಾಗ ಟೂರಿಸಂ ವಿಡಿಯೋ ಅಷ್ಟೇ: ಕೆರೆ, ಬೆಟ್ಟ, ಕೆಳಗೆ ಸಣ್ಣಗೆ ಒಂದು ಹಳದಿ ಬೀಟಲ್ ಕಾರು, ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕ್ ರಸ್ತೆ, ಹೆಲಿಕಾಪ್ಟರಿಂದ ತೆಗೆದದ್ದು. ಯಾರೂ ಸಾಯಲ್ಲ, ಯಾರೂ ಮಾತೂ ಆಡಲ್ಲ. ಸೌಂಡ್ ಹಾಕಿದ್ರೆ ಅದೇ ರಸ್ತೆ ಬೇರೆಯಾಗತ್ತೆ. ವೆಂಡಿ ಕಾರ್ಲೋಸ್ ಮತ್ತೆ ರೇಚಲ್ ಎಲ್ಕಿಂಡ್ ಸಿಂಥಸೈಜರಲ್ಲಿ ನುಡಿಸಿರೋ ಆ ರಾಗ ಡಿಯೆಸ್ ಈರೇ ಅನ್ನೋ ಹಳೇ ಲ್ಯಾಟಿನ್ ಸ್ತೋತ್ರದ್ದು, ಸತ್ತೋರಿಗೆ ಮಾಡೋ ಪೂಜೇಲಿ ಹಾಡೋದು. ನಮಗೆಲ್ಲ ಆ ಸ್ತೋತ್ರ ಎಲ್ಲಿ ಗೊತ್ತಿರತ್ತೆ, ಹಾಗಿದ್ರೂ ನಾಟತ್ತಾ ಅನ್ನೋ ಪ್ರಶ್ನೆ ಬಂತು, ಮೂರನೇ ರಾತ್ರಿ ಟಿವಿ ಮೇಲೆ ಬೆಡ್‌ಶೀಟ್ ಮುಚ್ಚಿ ಬರೀ ಸೌಂಡ್ ಹಾಕಿ ಕೂತ್ವಿ. ಎರಡು ನಿಮಿಷ ಆಗಿರ್ಲಿಲ್ಲ, ಅಡುಗೆಮನೆಯಿಂದ ಅಮ್ಮ ಸೆರಗಲ್ಲಿ ಕೈ ಒರೆಸ್ಕೊಂಡು ಬಂದು "ಏನೋ ಅದು, ಸಾವಿನ ಮನೆ ಇದ್ದಹಾಗಿದೆ, ನಿಲ್ಸು" ಅಂದ್ರು.

ಯಾಕೆ ಅಂತ ಆಮೇಲೆ ತುಂಬಾ ಹೊತ್ತು ಮಾತಾಡಿದ್ವಿ. ನಂಗನಿಸೋದು ಇಷ್ಟು: ಚಿಕ್ಕವನಿದ್ದಾಗ ಎಲ್ಲೋ ಹಿಂದಿನ ಕ್ರಾಸಲ್ಲಿ ತಮಟೆ ಶುರುವಾದ್ರೆ ಆಟ ನಿಂತುಹೋಗ್ತಿತ್ತು. ಮೆರವಣಿಗೆ ಇನ್ನೂ ಕಾಣಿಸ್ತಿಲ್ಲ, ಯಾರು ಹೋದ್ರೋ ಗೊತ್ತಿಲ್ಲ, ನಮ್ಮ ರಸ್ತೆಗೆ ತಿರುಗತ್ತೋ ನೇರ ಹೋಗತ್ತೋ ಅಂತ ಗೇಟ್ ಹಿಡ್ಕೊಂಡು ನಿಂತಿರ್ತಿದ್ವಿ. ಶೈನಿಂಗ್ ಮಾಡೋದು ಅದನ್ನೇ. ಸಾವಿನ ಸದ್ದು ಮೊದಲು ಬರತ್ತೆ, ಸಾವು ಇನ್ನೂ ತುಂಬಾ ದೂರ ಇದೆ, ಕಾರಲ್ಲಿ ಇರೋನಿಗೆ ಅದು ಕೇಳಿಸ್ತಿಲ್ಲ, ನಮಗೆ ಮಾತ್ರ ಕೇಳಿಸ್ತಿದೆ. ನಾಲ್ಕು ಸಲ ನೋಡಿದ್ಮೇಲೂ ಇದರ ಜೋರು ಕಮ್ಮಿ ಆಗ್ಲಿಲ್ಲ, ಯಾಕಂದ್ರೆ ಇಲ್ಲಿ ಒಡೆದುಹೋಗೋ ಗುಟ್ಟೇ ಇಲ್ಲ. ಬೆಚ್ಚಿ ಬೀಳಿಸ್ಬೇಕು ಅಂದಿದ್ದ ಆಫೀಸಿನವರಿಗೆ ಹೇಳೋಕೆ ನಂಗೆ ಸಿಕ್ಕಿದ್ದು ಇದೇ ಉತ್ತರ.

ಇನ್ನೊಂದು, ಮೊಬೈಲಲ್ಲಿ ನೋಡೋರಿಗೆ: ಜಯನಗರದಿಂದ ಮೆಜೆಸ್ಟಿಕ್‌ವರೆಗೆ ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಶೈನಿಂಗೂ ಸ್ಕ್ರೀಮೂ ಎರಡನ್ನೂ ಟ್ರೈ ಮಾಡ್ದೆ. ಶೈನಿಂಗ್ ಆಗ್ಲೇ ಇಲ್ಲ, ಅಷ್ಟು ಸಣ್ಣ ಸ್ಕ್ರೀನಲ್ಲಿ ಆ ಕಾರೇ ಕಾಣಲ್ಲ, ಸುತ್ತಲೂ ಜನರ ಗಲಾಟೆ ಬೇರೆ. ಸ್ಕ್ರೀಮ್ ಮಾತ್ರ ಅಲ್ಲೂ ಕೆಲಸ ಮಾಡ್ತು, ಕಿವಿಯೊಳಗೇ ಆ ದನಿ ಮಾತಾಡತ್ತಲ್ಲ.

ಈ ಶನಿವಾರ ಕಸಿನ್ಸ್ ನಾಲ್ಕು ಜನ ಬರ್ತಿದಾರೆ. ಗುಂಪಲ್ಲಿ ಕೂತು ನೋಡೋಕೆ ಅವರಿಗೆ ಸ್ಕ್ರೀಮೇ ಹಾಕ್ತೀನಿ. ಎಲ್ಲರೂ ಮಲಗಿದ್ಮೇಲೆ ಯಾರಾದ್ರೂ ಒಬ್ರು ಎಚ್ಚರ ಇದ್ರೆ, ಅವರಿಗೆ ಶೈನಿಂಗ್, ದೊಡ್ಡ ಸ್ಪೀಕರಲ್ಲಿ, ಅಮ್ಮನಿಗೆ ಮೊದಲೇ ಹೇಳಿ.