ದೂರು ಹಿಂತೆಗೆದುಕೊಳ್ಳಿ ಎಂದರು, ಹಿಂತೆಗೆದುಕೊಂಡೆ

ವಿದೇಶಿ ಆನ್‌ಲೈನ್ ಅಂಗಡಿಯೊಂದರಲ್ಲಿ ಕಳೆದ ವರ್ಷ 41,500 ರೂಪಾಯಿ ಕಳೆದುಕೊಂಡೆ. ಮೋಸ ಹೋದದ್ದು ಮೇ ತಿಂಗಳಲ್ಲಿ. ಹಣ ನಿಜವಾಗಿ ಕೈಬಿಟ್ಟದ್ದು ಜುಲೈಯಲ್ಲಿ, ಅದೂ ನನ್ನದೇ ಕೈಯಿಂದ. ಆ ಎರಡನೆಯ ತಪ್ಪನ್ನು ಇನ್ನೊಬ್ಬರು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಮಂಡಗದ್ದೆಯ ಬಳಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ಆ ಜಾಗ. ನನ್ನ ಕ್ಯಾಮೆರಾದ ಹಳೆಯ ಲೆನ್ಸಿಗೆ ಅಲ್ಲಿನ ಹಕ್ಕಿಗಳು ಬಿಳಿ ಚುಕ್ಕೆಗಳಂತೆ ಕಾಣುತ್ತಿದ್ದವು. ಬೆಂಗಳೂರಿನ ಅಂಗಡಿಯಲ್ಲಿ 58,000 ಹೇಳಿದ, ದೂರದ್ದನ್ನು ಹತ್ತಿರ ತೋರಿಸುವ ಲೆನ್ಸು ಆ ವಿದೇಶಿ ಅಂಗಡಿಯ ಜಾಲತಾಣದಲ್ಲಿ 41,500ಕ್ಕೆ ಇತ್ತು. ಬೆಲೆ ರೂಪಾಯಿಯಲ್ಲಿ ಬರೆದಿದ್ದರು, ಮೂಲೆಯಲ್ಲೊಂದು ತ್ರಿವರ್ಣ ಧ್ವಜವೂ ಇತ್ತು. ಅಷ್ಟಕ್ಕೇ ನಂಬಿದೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು, 16,500 ರೂಪಾಯಿ ಯಾಕೆ ಕಡಿಮೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಕಾರ್ಡ್ ಸಂಖ್ಯೆ ಹಾಕಿದ ಕೂಡಲೇ ಹಣ ಹೋಯಿತು. ಒಟಿಪಿ ಕೇಳಲೇ ಇಲ್ಲ. ಹೊರದೇಶದ ವ್ಯಾಪಾರಿಗೆ ಹಣ ಹೋಗುವಾಗ ಒಟಿಪಿ ಇಲ್ಲದೆಯೂ ವ್ಯವಹಾರ ಮುಗಿಯಬಹುದು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ತಿಂಗಳ ಬಿಲ್ಲಿನಲ್ಲಿ ಇನ್ನೊಂದು ಸಾಲು ಕಾಣಿಸಿತು: ವ್ಯವಹಾರ ಡಾಲರಿನಲ್ಲಿ ನಡೆದಿದೆ, ಆದ್ದರಿಂದ ಶೇ 3.5ರ ವಿದೇಶಿ ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ. ಒಟ್ಟು 1,714 ರೂಪಾಯಿ. ಮೋಸ ಹೋಗುವುದಕ್ಕೂ ಸೇವಾಶುಲ್ಕ!

ಹದಿನೆಂಟನೆಯ ದಿನ ಟ್ರ್ಯಾಕಿಂಗಿನಲ್ಲಿ 'ತಲುಪಿಸಲಾಗಿದೆ' ಎಂದು ಬಂತು. ಮನೆಗೆ ಏನೂ ಬಂದಿರಲಿಲ್ಲ. ಅಂಚೆ ಕಚೇರಿಗೆ ಹೋಗಿ ಸಂಖ್ಯೆ ಕೊಟ್ಟೆ. ಅದು ನಮ್ಮದೇ ಪಿನ್‌ಕೋಡಿನ ಬೇರೆ ಬೀದಿಗೆ, ಬೇರೆ ಹೆಸರಿಗೆ ಬಂದಿದ್ದ ಸಣ್ಣ ಲಕೋಟೆ. ತೂಕ ಮೂವತ್ತು ಗ್ರಾಂ. ಸುಮಾರು ಒಂದೂವರೆ ಕಿಲೋ ತೂಗುವ ಲೆನ್ಸು ಮೂವತ್ತು ಗ್ರಾಂ ಆಗಿದ್ದು ಹೇಗೆ? ತಂತ್ರ ಸರಳವಾಗಿದೆ. ಗಿರಾಕಿ ದೂರು ಕೊಟ್ಟರೆ 'ನೋಡಿ, ಅದೇ ಊರು, ಅದೇ ಪಿನ್‌ಕೋಡು, ತಲುಪಿದೆ' ಎಂದು ಬ್ಯಾಂಕಿಗೆ ತೋರಿಸಲು ಒಂದು ದಾಖಲೆ ಬೇಕು. ಲಕೋಟೆ ಅದಕ್ಕಾಗಿ. ನನ್ನ ಹೆಸರಿಗೆ ಆ ಸಂಖ್ಯೆಯ ಟಪಾಲು ಬಂದಿಲ್ಲವೆಂದು ಪೋಸ್ಟ್‌ಮಾಸ್ಟರ್ ಬರೆದುಕೊಟ್ಟರು. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಆ ಚೀಟಿ ಕೇಳಿದ್ದು.

ಆಮೇಲೆ ಶುರುವಾಯಿತು ಇ-ಮೇಲ್ ಚೌಕಾಸಿ. ಅವರ ಮಾತು ಬೆಣ್ಣೆಯಂತಿತ್ತು. ಮೊದಲು ಶೇ 15 ವಾಪಸ್ ಕೊಡುತ್ತೇವೆ ಎಂದರು, ಹತ್ತು ದಿನ ಬಿಟ್ಟು 30, ಮತ್ತೆ ಹತ್ತು ದಿನ ಬಿಟ್ಟು 45. ಪ್ರತಿ ಸಲವೂ ಹೊಸ ಹೆಸರಿನವರು ಬಂದು ಮೊದಲಿನಿಂದ ವಿವರ ಕೇಳುತ್ತಿದ್ದರು. ನಾನು ಗೆಲ್ಲುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ದಿನ ಎಣಿಸುತ್ತಿದ್ದರು. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಹಣ ಮರಳಿಸಿಕೊಳ್ಳುವ 'ಚಾರ್ಜ್‌ಬ್ಯಾಕ್' ದೂರಿಗೆ ಸಾಮಾನ್ಯವಾಗಿ 120 ದಿನದ ಗಡುವು. ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆ ಬಳಸುವವರಿಗೆ ತಕರಾರು ತೆಗೆಯಲು 180 ದಿನ ಇದೆ, ಆದರೆ ತೆಗೆದ ಮೇಲೆ 20 ದಿನದೊಳಗೆ ಅದನ್ನು ಕ್ಲೇಮ್ ಆಗಿ, ಅಂದರೆ ಪೇಪಾಲೇ ತೀರ್ಮಾನಿಸಲಿ ಎಂಬ ಬೇಡಿಕೆಯಾಗಿ, ಮಾರ್ಪಡಿಸದಿದ್ದರೆ ತಾನಾಗಿಯೇ ಮುಚ್ಚಿಹೋಗುತ್ತದೆ. ಬೆಣ್ಣೆ ಮಾತಿಗೆ ಉತ್ತರ ಬರೆಯುತ್ತ ಕುಳಿತರೆ ಇಪ್ಪತ್ತು ದಿನ ಕಳೆಯುವುದು ಗೊತ್ತೇ ಆಗುವುದಿಲ್ಲ.

ನನ್ನ ತಂಗಿಯ ಗದರಿಕೆಗೆ ಹೆದರಿ ನಲವತ್ತೈದನೆಯ ದಿನ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ದೂರು ಕೊಟ್ಟೆ. ಪೋಸ್ಟ್‌ಮಾಸ್ಟರ್ ಚೀಟಿ ಲಗತ್ತಿಸಿದ್ದೆ, ಪ್ರಕರಣ ಗಟ್ಟಿಯಾಗಿತ್ತು. ಎರಡೇ ವಾರದಲ್ಲಿ ಅಂಗಡಿಯಿಂದ ಹೊಸ ಇ-ಮೇಲ್: 'ಪೂರ್ತಿ ಹಣ ಕೊಡುತ್ತೇವೆ. ಆದರೆ ಬ್ಯಾಂಕಿನಲ್ಲಿ ದೂರು ಇರುವವರೆಗೆ ನಮ್ಮ ಕೈ ಕಟ್ಟಿದೆ. ದಯವಿಟ್ಟು ಹಿಂತೆಗೆದುಕೊಳ್ಳಿ, ಏಳು ದಿನದಲ್ಲಿ ಹಣ ಬರುತ್ತದೆ.' ಹಿಂತೆಗೆದುಕೊಂಡೆ. ಏಳು ದಿನ ಹದಿನಾಲ್ಕಾಯಿತು. ಮತ್ತೆ ಬ್ಯಾಂಕಿಗೆ ಹೋದರೆ, ಒಂದೇ ವ್ಯವಹಾರಕ್ಕೆ ಎರಡನೆಯ ಸಲ ದೂರು ತೆಗೆದುಕೊಳ್ಳಲಾಗದು ಎಂದರು. 120 ದಿನದಲ್ಲಿ ಇನ್ನೂ ನಲವತ್ತು ಉಳಿದಿದ್ದವು. ಬಾಗಿಲಿಗೆ ಚಿಲಕ ಹಾಕಿದವಳು ನಾನೇ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ. ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. 2020ರ ಇ-ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ಕಂಪನಿಗಳಿಗೂ ಅನ್ವಯಿಸುತ್ತವೆ. ಕುಂದುಕೊರತೆ ಅಧಿಕಾರಿಯ ಹೆಸರು ತಾಣದಲ್ಲಿರಬೇಕು, ದೂರು ಬಂದದ್ದನ್ನು 48 ಗಂಟೆಯಲ್ಲಿ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ದೂರು ಬರೆದುಕೊಂಡರು, ಆದರೆ ಆ ಅಂಗಡಿಯ ಕಡೆಯಿಂದ ಉತ್ತರ ಕೊಡುವವರೇ ಇರಲಿಲ್ಲ. ಪರಿಚಯದ ವಕೀಲರು ಕಾಗದಗಳನ್ನೆಲ್ಲ ಓದಿ, "ಟೀಚರೇ, ಆದೇಶ ನಿಮ್ಮ ಪರ ಬರಬಹುದು. ಅದನ್ನು ಯಾರ ಮೇಲೆ ಜಾರಿ ಮಾಡಿಸುತ್ತೀರಿ? ನೋಟಿಸ್ ಕಳಿಸಲು ವಿಳಾಸವೇ ಇಲ್ಲವಲ್ಲ?" ಎಂದರು. ತಾಣವಿಡೀ ಹುಡುಕಿದೆ. ಅಧಿಕಾರಿಯ ಹೆಸರಿಲ್ಲ, ದೂರವಾಣಿಯಿಲ್ಲ, ಒಂದು ಖಾಲಿ ಅರ್ಜಿ ನಮೂನೆ ಮಾತ್ರ. ಈ ಹುಡುಕಾಟವನ್ನು ಹಣ ಕೊಡುವ ಮುಂಚೆ ಮಾಡಿದ್ದರೆ ಐದು ನಿಮಿಷ ಸಾಕಾಗುತ್ತಿತ್ತು.

ಜರ್ಮನಿಯಲ್ಲಿರುವ ತಂಗಿಯ ಮಗನಿಗೆ ಹೇಳಿದೆ, ಅಲ್ಲಿಂದ ಏನಾದರೂ ಮಾಡಬಹುದೇ ಎಂದು. ಯುರೋಪಿಯನ್ ಒಕ್ಕೂಟದ ಆನ್‌ಲೈನ್ ವಿವಾದ ಪರಿಹಾರ ವೇದಿಕೆಯೇ 2025ರ ಜುಲೈ 20ರಂದು ಮುಚ್ಚಿತು ಎಂದ. ಅಲ್ಲಿರುವ ನಮ್ಮವರು ಹಳೆಯ ಕೊಂಡಿ ನಂಬಿಕೊಂಡು ಕೂರಬೇಡಿ.

ಆ ಮಳೆಗಾಲ ಹಳೆಯ ಲೆನ್ಸಿನಲ್ಲೇ ಮುಗಿಯಿತು. ಕಳೆದ ವಾರ ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು. ತಾಣದ ಹೆಸರು ಬೇರೆ, ಬಣ್ಣ ಬೇರೆ, ಅದೇ ಲೆನ್ಸು, 39,900. ಹಣ ಮರಳಿಸುವ ಷರತ್ತುಗಳ ಪುಟ ತೆರೆದೆ. ಮೂರನೆಯ ಸಾಲಿನಲ್ಲಿ ಅದೇ ಕಾಗುಣಿತದ ತಪ್ಪು.