‘ಹೊಸ ಚಿಪ್ ಹಾಕಿದೀವಿ ಸಾರ್’ ಅಂದರೆ ಹಳೇ ಚಿಪ್ ಕೇಳಿ

ಹಳೇ ಲ್ಯಾಪ್‌ಟಾಪ್ ಪರದೆ ಮೇಲೆ ಗೆರೆ ಗೆರೆ ಬರುತ್ತಿದೆ, ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ರಿಪೇರಿ ಮಾಡಿಸೋಣ ಅಂತ ಹೊರಟಿದ್ದೀರಾ? ಹೋಗಿ, ಬೇಡ ಅನ್ನಲ್ಲ. ಆದರೆ ‘ಗ್ರಾಫಿಕ್ಸ್ ಚಿಪ್ ಹೋಗಿದೆ, ಹೊಸದು ಹಾಕಿಕೊಡ್ತೀವಿ’ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ. ₹6,500 ಕೊಟ್ಟು ನಾನು ತಂದಿದ್ದು ಬರೀ ಬಿಸಿಗಾಳಿ.

ನನ್ನದು ಲಗ್ನಪತ್ರಿಕೆ ಡಿಸೈನ್ ಮಾಡುವ ಕೆಲಸ. ಚಿಕ್ಕಪೇಟೆಯ ಕಾರ್ಡ್ ಅಂಗಡಿಗಳೇ ಗಿರಾಕಿಗಳು. ಲ್ಯಾಪ್‌ಟಾಪ್ 2011ರದ್ದು. ಕನ್ನಡ ಟೈಪಿಂಗ್‌ಗೆ ನುಡಿ ತಂತ್ರಾಂಶ ಇದೆ, ಹಳೇ ಫೈಲುಗಳೆಲ್ಲ ಅದರಲ್ಲೇ ಇವೆ, ಕೆಲಸಕ್ಕೆ ಏನೂ ಕೊರತೆ ಇರಲಿಲ್ಲ. ಅದರಲ್ಲಿ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಎರಡು ಕಡೆ ಇದೆ: ಇಂಟೆಲ್ ಪ್ರೊಸೆಸರ್ ಒಳಗೇ ಇರುವುದು ಒಂದು, ಮದರ್‌ಬೋರ್ಡ್ ಮೇಲೆ ಬೇರೆಯಾಗಿ ಕೂರಿಸಿದ ಚಿಪ್ ಇನ್ನೊಂದು. ಒಳ್ಳೆ ಮುಹೂರ್ತಗಳಿರುವ ತಿಂಗಳು ನೋಡಿಕೊಂಡೇ ಈ ಎರಡನೆಯದು ಕೈಕೊಟ್ಟಿತು. ಮೊದಲು ಅಲ್ಲೊಂದು ಇಲ್ಲೊಂದು ಬಣ್ಣದ ಚುಕ್ಕೆ. ಆಮೇಲೆ ಉದ್ದಕ್ಕೂ ಗೆರೆ. ಕೊನೆಗೆ ಆನ್ ಮಾಡಿದಾಗ ಕಂಪನಿ ಲೋಗೋ ಮೇಲೇ ಗೆರೆ ಬಂದು, ವಿಂಡೋಸ್ ಅರ್ಧಕ್ಕೆ ನಿಂತು ಬಿಡುತ್ತಿತ್ತು.

ಗೆರೆ ಬಂದ ಕೂಡಲೇ ಚಿಪ್ ಮೇಲೆ ಅನುಮಾನ ಬೇಡ. ಪರದೆ ಕೆಟ್ಟರೂ, ಪರದೆಗೆ ಹೋಗುವ ಕೇಬಲ್ ಸಡಿಲವಾದರೂ ಗೆರೆ ಬರುತ್ತದೆ. ಅದಕ್ಕೆ ಸುಲಭ ಪರೀಕ್ಷೆ ಇದೆ. ಟಿವಿಗೋ ಬೇರೆ ಮಾನಿಟರ್‌ಗೋ ಜೋಡಿಸಿ ನೋಡಿ. ಅಲ್ಲಿ ಚಿತ್ರ ಸರಿ ಇದ್ದು ಲ್ಯಾಪ್‌ಟಾಪ್ ಪರದೆಯಲ್ಲಿ ಮಾತ್ರ ಗೆರೆ ಇದ್ದರೆ, ಮುಚ್ಚಳ ಹಿಂದೆ ಮುಂದೆ ಮಾಡಿದಾಗ ಗೆರೆ ಬದಲಾದರೆ, ಅದು ಕೇಬಲ್ ಅಥವಾ ಪರದೆಯ ಕಥೆ, ಕಡಿಮೆ ಖರ್ಚಿನದು. ನನಗೆ ಎರಡರಲ್ಲೂ ಅದೇ ಗೆರೆ ಬಂತು. ರ್‍ಯಾಮ್ ಬದಲಿಸಿ ನೋಡಿದರೂ ಅಷ್ಟೇ. ಅಲ್ಲಿಗೆ ಚಿಪ್ಪೇ ಅಂತಾಯಿತು.

ಅಂಗಡಿಯ ಹೆಸರು ಹೇಳಲ್ಲ. ಕೌಂಟರ್ ಹುಡುಗ ಒಮ್ಮೆ ಆನ್ ಮಾಡಿ ನೋಡಿದ, ‘ಚಿಪ್ ಹೋಗಿದೆ ಸಾರ್, ಹೊಸದು ಹಾಕ್ಬೇಕು, ನಾಳೆ ಸಂಜೆ ಬನ್ನಿ’ ಅಂದ. ಬಿಲ್ ಕೇಳಿದೆ. ‘ಬಿಲ್ ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್, ಸುಮ್ನೆ ಯಾಕೆ?’ ಅಂತ ವಿಸಿಟಿಂಗ್ ಕಾರ್ಡ್ ಹಿಂದೆ ಪೆನ್ನಲ್ಲಿ ‘30 ದಿನ ವಾರಂಟಿ’ ಅಂತ ಗೀಚಿ ಕೊಟ್ಟ. ಮಾರನೇ ದಿನ ಲ್ಯಾಪ್‌ಟಾಪ್ ಚೆನ್ನಾಗೇ ಓಡಿತು. ಮುಂದೆ ಏನಾಯಿತು ಅಂತ ನೀವು ಊಹಿಸಿರುತ್ತೀರಿ. ವಾರಂಟಿ ಮುಗಿದು ಸ್ವಲ್ಪ ದಿನಕ್ಕೇ ಅದೇ ಗೆರೆ, ಅದೇ ಜಾಗ. ವಾಪಸ್ ಹೋದರೆ, ‘ಇದು ಬೇರೆ ಪ್ರಾಬ್ಲಂ ಸಾರ್, ಬೋರ್ಡೇ ಹೋಗಿದೆ. ಎರಡು ಸಾವಿರಕ್ಕೆ ನಮಗೇ ಕೊಟ್ಬಿಡಿ’ ಅಂದರು.

ನಿಜ ಗೊತ್ತಾಗಿದ್ದು ಆಮೇಲೆ, ಅಲ್ಲೇ ಪಕ್ಕದ ಗಲ್ಲಿಯ ಮಹಡಿ ಮೇಲೆ ಬರೀ ಬೋರ್ಡ್ ಕೆಲಸ ಮಾಡುವ ಒಬ್ಬರ ಹತ್ತಿರ. ಎಸ್.ಪಿ. ರೋಡ್‌ನಲ್ಲಿ ಇಂಥವರೂ ಇದ್ದಾರೆ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅವರು ಚಿಪ್ ತಣ್ಣಗಿಡುವ ಹೀಟ್‌ಸಿಂಕ್ ಬಿಚ್ಚಿದರು, ಪೇಸ್ಟ್ ಒರೆಸಿದರು, ಮೈಕ್ರೋಸ್ಕೋಪ್ ಕೆಳಗೆ ಇಟ್ಟು ‘ಬನ್ನಿ ಸಾರ್, ನೀವೇ ನೋಡಿ’ ಅಂದರು. ಚಿಪ್ಪಿನ ನಾಲ್ಕೂ ಮೂಲೆಯಲ್ಲಿ ಗಟ್ಟಿಯಾದ ಕೆಂಪು ಅಂಟಿನ ಹನಿಗಳು. ‘ಇದು ಫ್ಯಾಕ್ಟರಿ ಗಮ್ಮು. ಇದನ್ನು ಕೀಳದೆ ಚಿಪ್ ಎತ್ತಕ್ಕೇ ಆಗಲ್ಲ. ಒಂದು ಮೂಲೇನೂ ಅಲ್ಲಾಡಿಲ್ಲ ನೋಡಿ.’ ಚಿಪ್ಪಿನ ಸುತ್ತ ಕಂದು ಬಣ್ಣದ ಅಂಟಂಟು ಫ್ಲಕ್ಸ್ (ಬೆಸುಗೆ ಹಾಕುವಾಗ ಹಚ್ಚುವ ರಾಳದಂಥ ವಸ್ತು) ಹರಿದು ಒಣಗಿತ್ತು. ಪಕ್ಕದ ಬಿಳಿ ಪ್ಲಾಸ್ಟಿಕ್ ಕನೆಕ್ಟರ್‌ನ ಒಂದು ಅಂಚು ಶಾಖಕ್ಕೆ ಮೆತ್ತಗಾಗಿ ಬಾಗಿತ್ತು. ಚಿಪ್ ಮೇಲೆ ಸಣ್ಣದಾಗಿ 1103 ಅಂತ ಅಂಕಿ ಇತ್ತು. ಅಂದರೆ 2011ರ ಮೂರನೇ ವಾರದಲ್ಲಿ ತಯಾರಾಗಿದ್ದು. ಲ್ಯಾಪ್‌ಟಾಪ್ ಜೊತೆ ಬಂದ ಚಿಪ್ಪೇ ಅದು. ಯಾರೂ ಏನೂ ಬದಲಿಸಿರಲಿಲ್ಲ. ಫ್ಲಕ್ಸ್ ಹಚ್ಚಿ, ಮೇಲಿಂದ ಹೀಟ್ ಗನ್ ಹಿಡಿದು, ಮುಚ್ಚಿ ಕೊಟ್ಟಿದ್ದರು.

ಹಾಗಾದರೆ ಒಂದಷ್ಟು ದಿನ ಓಡಿದ್ದು ಹೇಗೆ? ಮೋಸ ನಡೆಯುವುದೇ ಇಲ್ಲಿ. ಈ ಚಿಪ್‌ನಲ್ಲಿ ಬೆಸುಗೆ ಎರಡು ಅಂತಸ್ತಿನಲ್ಲಿದೆ. ಮೇಲೆ ಹೊಳೆಯುವ ಸಿಲಿಕಾನ್ ತುಂಡು ಒಂದು ಪುಟ್ಟ ಹಸಿರು ಹಲಗೆಯ ಮೇಲೆ ಕೂತಿರುತ್ತದೆ. ಅವೆರಡರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆ ಚುಕ್ಕೆಗಳು. ಆ ಹಸಿರು ಹಲಗೆಯನ್ನು ಮದರ್‌ಬೋರ್ಡ್‌ಗೆ ಹಿಡಿದಿಡುವುದು ದೊಡ್ಡ ಸೋಲ್ಡರ್ ಉಂಡೆಗಳು. ದಿನಾ ಆನ್ ಮಾಡಿದಾಗ ಬಿಸಿಯಾಗಿ ಹಿಗ್ಗುತ್ತದೆ, ಆಫ್ ಮಾಡಿದಾಗ ತಣ್ಣಗಾಗಿ ಕುಗ್ಗುತ್ತದೆ. ಸಿಲಿಕಾನ್ ಹಿಗ್ಗುವ ಲೆಕ್ಕವೇ ಬೇರೆ, ಹಲಗೆಯದೇ ಬೇರೆ. ವರ್ಷಗಟ್ಟಲೆ ಈ ಎಳೆದಾಟ ನಡೆದು, ಹಳೇ ಚಿಪ್‌ಗಳಲ್ಲಿ ಮೇಲಿನ ಸಣ್ಣ ಚುಕ್ಕೆಗಳೇ ಬಿರುಕು ಬಿಡುವುದುಂಟು. ಬಿಸಿ ಕೊಟ್ಟಾಗ ಎಲ್ಲ ಹಿಗ್ಗಿ, ಬಿರುಕಿನ ಎರಡೂ ಬದಿ ಮತ್ತೆ ತಾಕುತ್ತವೆ. ಸಡಿಲ ಪ್ಲಗ್ ಒತ್ತಿ ಹಿಡಿದರೆ ಫ್ಯಾನ್ ತಿರುಗುತ್ತಲ್ಲ, ಹಾಗೆ. ಸೀಸವಿಲ್ಲದ ಸೋಲ್ಡರ್ ಕರಗಲು ಸುಮಾರು 217 ಡಿಗ್ರಿ ಬೇಕು. ಎಷ್ಟೋ ಸಲ ಅಷ್ಟು ಕಾಯಿಸದಿದ್ದರೂ ಚಿಪ್ ‘ಬದುಕಿಬಿಡುತ್ತದೆ’. ಹಾಗಾಗಿ ಅಂಗಡಿಯಲ್ಲಿ ಆನ್ ಮಾಡಿ ತೋರಿಸಿದ್ದು ರಿಪೇರಿಗೆ ಸಾಕ್ಷಿಯೇ ಅಲ್ಲ. ‘ರೀಬಾಲಿಂಗ್ ಮಾಡ್ತೀವಿ’ ಅಂದರೂ ಬದಲಿಸುವುದು ಕೆಳಗಿನ ಉಂಡೆಗಳನ್ನು ಮಾತ್ರ. ಮೇಲಿನ ಬಿರುಕು ಹಾಗೇ ಇರುತ್ತದೆ.

ಇದೇನು ಗುಟ್ಟಲ್ಲ. 2008ರ ಜುಲೈನಲ್ಲಿ ಎನ್ವಿಡಿಯಾ ಕಂಪನಿಯೇ ತನ್ನ ಲ್ಯಾಪ್‌ಟಾಪ್ ಚಿಪ್‌ಗಳ ಪ್ಯಾಕೇಜಿಂಗ್‌ನಲ್ಲಿ ದೋಷ ಇದೆ ಅಂತ ಒಪ್ಪಿಕೊಂಡು, ಅದರ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತ್ತು. ಆಪಲ್ ಕಂಪನಿ 2015ರ ಫೆಬ್ರವರಿಯಲ್ಲಿ, 2011ರಿಂದ 2013ರ ನಡುವೆ ಮಾರಿದ ಕೆಲವು ಮ್ಯಾಕ್‌ಬುಕ್ ಪ್ರೊಗಳಿಗೆ ಇಂಥದೇ ಗ್ರಾಫಿಕ್ಸ್ ತೊಂದರೆಗೆ ಉಚಿತ ರಿಪೇರಿ ಶುರು ಮಾಡಿತು. ಆ ಯೋಜನೆ 2016ರ ಕೊನೆಗೇ ಮುಗಿದಿದೆ. ಈಗ ಯಾರಾದರೂ ‘ಕಂಪನಿಯಿಂದ ಫ್ರೀ ಮಾಡಿಸಿಕೊಡ್ತೀನಿ, ಬರೀ ಸರ್ವೀಸ್ ಚಾರ್ಜ್ ಕೊಡಿ’ ಅಂದರೆ ನಂಬಬೇಡಿ.

ನನಗೆ ಹೆಚ್ಚು ಸಿಟ್ಟು ಬಂದಿದ್ದು ದುಡ್ಡಿಗಲ್ಲ. ಮಹಡಿಯವರು ಮುಂದೆ ಮಾಡಿದ ಕೆಲಸ ನೋಡಿ. ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ಸ್, ಅಂದರೆ ಬಯಾಸ್‌ಗೆ ಹೋಗಿ, ಗ್ರಾಫಿಕ್ಸ್ ಆಯ್ಕೆಯಲ್ಲಿ ಬೇರೆ ಚಿಪ್ ಬಿಟ್ಟು ಇಂಟೆಲ್ ಗ್ರಾಫಿಕ್ಸ್ ಆರಿಸಿ, ಸೇವ್ ಕೊಟ್ಟರು. ಗೆರೆ ಹೋಯಿತು! ಟೀ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಇದನ್ನು ಮೊದಲನೇ ಅಂಗಡಿಯವರೇ ಮೊದಲ ದಿನವೇ ಮಾಡಬಹುದಿತ್ತು ಅಲ್ವಾ? ಹೊರಗಿನ ಮಾನಿಟರ್ ಈಗ ಬರಲ್ಲ, ಆ ಪೋರ್ಟ್‌ಗೆ ಚಿತ್ರ ಬರುವುದು ಕೆಟ್ಟ ಚಿಪ್ಪಿಂದಲೇ. ನುಡಿಯಲ್ಲಿ ಟೈಪ್ ಮಾಡಿ ಕಾರ್ಡ್ ಕೂರಿಸಲು ಇಂಟೆಲ್‌ನದೇ ಧಾರಾಳ.

ಬಯಾಸ್‌ನಲ್ಲಿ ಈ ಆಯ್ಕೆ ಎಲ್ಲ ಲ್ಯಾಪ್‌ಟಾಪ್‌ನಲ್ಲೂ ಇರಲ್ಲ. ಇಲ್ಲದಿದ್ದರೆ ವಿಂಡೋಸನ್ನು ಸೇಫ್ ಮೋಡ್‌ನಲ್ಲಿ (ತೀರಾ ಬೇಕಾದಷ್ಟೇ ಓಡುವ ಸ್ಥಿತಿ) ಆನ್ ಮಾಡಿ, ಡಿವೈಸ್ ಮ್ಯಾನೇಜರ್‌ನ ಡಿಸ್‌ಪ್ಲೇ ಅಡಾಪ್ಟರ್ಸ್‌ನಲ್ಲಿ ಎರಡು ಹೆಸರು ಇದೆಯಾ ನೋಡಿ. ಇದ್ದರೆ ಇಂಟೆಲ್ ಅಲ್ಲದ್ದನ್ನು ಡಿಸೇಬಲ್ ಮಾಡಿ ನೋಡಿ. ಒಂದೇ ಚಿಪ್ ಇರುವ ಲ್ಯಾಪ್‌ಟಾಪ್ ಆದರೆ ಈ ದಾರಿ ಇಲ್ಲ. ಆಗ ಫೈಲ್ ಉಳಿಸಿಕೊಳ್ಳುವ ಕಡೆ ಗಮನ ಕೊಡಿ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಾಲ್ಕಾರು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಯುಎಸ್‌ಬಿ ಕೇಸ್‌ಗೆ ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ ಕಾಪಿ ಮಾಡಿಕೊಳ್ಳಬಹುದು. ರಿಪೇರಿಗೆ ಕೊಡುವಾಗಲೂ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಡಿ. ಚಿಪ್ ಕೆಲಸಕ್ಕೆ ಅದು ಬೇಕಿಲ್ಲ.

ಚಿಪ್ ಬದಲಿಸಲೇಬೇಕು ಅಂತಿದ್ದರೆ ಒಪ್ಪುವ ಮುಂಚೆಯೇ ಹೇಳಿಬಿಡಿ: ಹಳೇ ಚಿಪ್ ನನಗೆ ವಾಪಸ್ ಬೇಕು, ಬೋರ್ಡಿನ ಫೋಟೋ ಬೇಕು, ಬಿಲ್‌ನಲ್ಲಿ ‘ಚಿಪ್ ಬದಲಾವಣೆ’ ಅಂತಲೇ ಬರೆಯಬೇಕು. ಈ ಮೂರು ಮಾತಿಗೇ ಅರ್ಧ ಅಂಗಡಿಯವರು ‘ಬೇಡ ಬಿಡಿ ಸಾರ್’ ಅಂತಾರೆ. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದಾಗ ಹೇಳಿಕೊಳ್ಳಲು ಕೈಯಲ್ಲಿ ಏನಾದರೂ ಇರುತ್ತದೆ. ಪೆನ್ನಲ್ಲಿ ಗೀಚಿದ ಕಾರ್ಡ್ ಇಟ್ಟುಕೊಂಡು ನಾನು ಏನು ಹೇಳಲಿ? ಈಗಾಗಲೇ ಇಂಥ ರಿಪೇರಿ ಆಗಿದ್ದು ವಾರಂಟಿ ಇನ್ನೂ ಇದ್ದರೆ, ಸುಮ್ನೆ ಜೋಪಾನ ಮಾಡಬೇಡಿ. ಗೇಮ್ ಹಾಕಿ, ಚೆನ್ನಾಗಿ ಬಿಸಿಯಾಗಲಿ, ಆಫ್ ಮಾಡಿ ತಣ್ಣಗಾಗಲು ಬಿಡಿ, ಮತ್ತೆ ಹಾಕಿ. ಕೈಕೊಡುವುದಿದ್ದರೆ ವಾರಂಟಿ ಒಳಗೇ ಕೈಕೊಡಲಿ.

ಇನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ‘ಎರಡು ಸಾವಿರಕ್ಕೆ ಕೊಟ್ಬಿಡಿ’ ಅಂದರಲ್ಲ, ಬೋರ್ಡೇ ಹೋಗಿರುವ ಲ್ಯಾಪ್‌ಟಾಪ್ ಅವರಿಗೆ ಯಾಕೆ ಬೇಕಿತ್ತು ಅಂತ ಮಹಡಿಯವರನ್ನು ಕೇಳಿದೆ. ನಕ್ಕುಬಿಟ್ಟರು. ಇನ್ನೊಂದು ಸಲ ಹೀಟ್ ಕೊಟ್ಟು, ಒರೆಸಿ, ಮುಂದಿನ ಕೌಂಟರ್‌ನಲ್ಲಿಟ್ಟರೆ ಎಂಟು ಸಾವಿರಕ್ಕೆ ಹೋಗುತ್ತಂತೆ. ಅಂಥದ್ದು ಕೊಳ್ಳುವಾಗ ಅಲ್ಲೇ ನಿಂತು ಅರ್ಧ ಗಂಟೆ ಗೇಮ್ ಓಡಿಸಿ, ಡಿವೈಸ್ ಮ್ಯಾನೇಜರ್‌ನಲ್ಲಿ ಎರಡನೇ ಗ್ರಾಫಿಕ್ಸ್ ಡಿಸೇಬಲ್ ಮಾಡಿದ್ದಾರಾ ನೋಡಿ, ಫ್ಯಾನ್ ಗಾಳಿ ಬರುವ ಕಡೆ ಒಮ್ಮೆ ಮೂಸಿ. ಹೊಸದಾಗಿ ಹಚ್ಚಿದ ಫ್ಲಕ್ಸ್ ಬಿಸಿಯಾದಾಗ ಸುಟ್ಟ ರಾಳದ ವಾಸನೆ ಬರುತ್ತದೆ.